ಹಮಾಲಿ ನಲವತ್ತೊಂದು

ಗುಡೇಕೋಟೆ
೧೧ ಮಾರ್ಚ್ ೨೦೨೫

ಗಂಗಾಧರ್ ಅವರಿಗೆ,

ನಾನು ಕೊಟ್ಟೂರಿನ ಕ್ರಾಂತಿಕುಮಾರನ ತಂಗಿ ಸುಕನ್ಯಾ. ನಿಮ್ಮನ್ನು ನೋಡಿದ್ದು ಒಂದೇ ಸಲ, ಅಣ್ಣನನ್ನು ಮಣ್ಣು ಮಾಡಿದ ದಿನ. ಗೋಡೆಗೆ ಒರಗಿ ನಿಂತಿದ್ದಿರಿ, ಯಾರ ಜೊತೆಗೂ ಮಾತಾಡದೆ ಹೋದಿರಿ. ಆಗಿ ವರ್ಷದ ಮೇಲಾಯಿತು. ನನಗೆ ಅಂಚೆ ಇಲಾಖೆಯಲ್ಲಿ ಕೆಲಸ ಸಿಕ್ಕು, ಇಲ್ಲಿ ಗುಡೇಕೋಟೆಯಲ್ಲಿ ಒಂದು ಕೋಣೆ ಹಿಡಿದಿದ್ದೇನೆ. ಅವ್ವ ಕೊಟ್ಟೂರಿನಲ್ಲಿಯೇ ಇದ್ದಾಳೆ.

ಅಪಘಾತವಾದಾಗ ಅಣ್ಣನ ಹೆಗಲಲ್ಲಿದ್ದ ಚೀಲವನ್ನು ಪೊಲೀಸರು ಮೊನ್ನೆ ವಾಪಸ್ಸು ಕೊಟ್ಟರು. ಒಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಹಾಳೆ, ಇಪ್ಪತ್ತು ಮುಖದ ಒಂದು ದಾಳ. ಹಾಳೆಯ ಮೇಲೆ ಅವನದೇ ಅಕ್ಷರ. "ಹೆಸರು: ಹಮಾಲಿ ನಲವತ್ತೊಂದು. ಶಕ್ತಿ: ಎಷ್ಟು ಭಾರ ಇದ್ರೂ ಎತ್ತೋದು. ಕುಂದು: ಎತ್ತಿದಾಗ ಮಾತಾಡಾಕ ಬರಂಗಿಲ್ಲ. ಭಯ: ಅವ್ವ ಮಾತು ಬಿಡೋದು." ಕೆಳಗೆ ನಿಮ್ಮ ಅಂಗಡಿಯ ಸೀಲು.

ನಮ್ಮಣ್ಣ ಹಮಾಲಿಯಲ್ಲ, ಧಾನ್ಯದ ಅಡತಿ ಅಂಗಡಿಯ ಗುಮಾಸ್ತ. ಒಂದು ಚೀಲ ಎತ್ತಿದರೆ ಎರಡು ದಿನ ನಡು ಹಿಡಿದುಕೊಂಡು ಓಡಾಡುತ್ತಿದ್ದ. ಇದೇನು? ಜೂಜೇ? ಪ್ರತಿ ಭಾನುವಾರ "ಗೆಳೆಯರ ಕಡಿ ಹೋಗಿ ಬರ್ತೀನಿ" ಎಂದು ಮೂವತ್ತು ಕಿಲೋಮೀಟರ್ ಬರುತ್ತಿದ್ದದ್ದು ಇದಕ್ಕೇ? ಫೆಬ್ರವರಿ ಹದಿನೆಂಟರಂದೂ ಅವನು ನಿಮ್ಮಲ್ಲಿಗೇ ಹೊರಟಿದ್ದ. ಅದು ಯಾಕೆಂದು ನನಗೆ ತಿಳಿಯಬೇಕು.

ಫೋನು ಮಾಡಬಹುದಿತ್ತು. ಮಾಡಿದರೆ "ಏನಿಲ್ರಿ, ಸುಮ್ನ ಆಟ" ಎಂದು ಇಟ್ಟುಬಿಡುತ್ತೀರಿ. ಬರೆಯಲು ಕೂತರೆ ಸ್ವಲ್ಪವಾದರೂ ಯೋಚನೆ ಮಾಡಬೇಕಾಗುತ್ತದೆ.

ಸುಕನ್ಯಾ


ಹಗರಿಬೊಮ್ಮನಹಳ್ಳಿ
೧೯ ಮಾರ್ಚ್ ೨೦೨೫

ಸುಕನ್ಯಾ ಅವರಿಗೆ ಶರಣು.

ನಿಮ್ಮ ಪತ್ರ ಬಂದು ಮೂರು ದಿನ ಗಲ್ಲಾಪೆಟ್ಟಿಗೆಯಲ್ಲಿಯೇ ಇತ್ತು. ತೆರೆಯಲು ಧೈರ್ಯವಾಗಲಿಲ್ಲ.

ಜೂಜಲ್ಲ. ನನ್ನದು ತಾಲ್ಲೂಕು ಕಚೇರಿಯ ಎದುರು ಜೆರಾಕ್ಸ್ ಅಂಗಡಿ. ಭಾನುವಾರ ಮಧ್ಯಾಹ್ನ ಶೆಟರ್ ಅರ್ಧ ಇಳಿಸಿ ಹಿಂದಿನ ಕೋಣೆಯಲ್ಲಿ ನಾಲ್ಕು ಜನ ಕೂರುತ್ತಿದ್ದೆವು. ನಾನು ಕಥೆ ನಡೆಸುವವನು. ಉಳಿದ ಮೂವರಿಗೆ ಒಬ್ಬೊಬ್ಬ ಸೂಪರ್‌ಹೀರೋ. "ಎದುರಿಗೆ ಹೀಗಾಗಿದೆ, ಏನು ಮಾಡ್ತೀರಿ?" ಎಂದು ನಾನು ಕೇಳುತ್ತೇನೆ. ಅವರು ಬಾಯಲ್ಲಿ ಹೇಳುತ್ತಾರೆ. ಆದೀತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ದೊಡ್ಡ ಅಂಕಿ ಬಿದ್ದರೆ ಆಯಿತು, ಸಣ್ಣದು ಬಿದ್ದರೆ ಕೆಟ್ಟಿತು. ಇಷ್ಟೇ ಆಟ. ನಾಲ್ಕು ವರ್ಷ ಆಡಿದೆವು.

ಕಥೆಯ ಊರುಗಳೂ ನಮ್ಮವೇ. ಕೋಗಳಿ ಬಸದಿಯ ಹಿಂದೆ ವೀರರು ಸೇರುವುದು, ಹಡಗಲಿಯ ಮಲ್ಲಿಗೆ ತೋಟದಲ್ಲಿ ಕಾದಾಟ. ಪಕ್ಕದ ಮೆಡಿಕಲ್ ಸ್ಟೋರಿನ ಮಾಲಾಳ ವೀರೆಗೆ ಜಿಲ್ಲೆಯ ಫೋನಿನ ಮಾತೆಲ್ಲ ಕೇಳಿಸುತ್ತದೆ. ಹುಲುಗಪ್ಪನ ವೀರ ಕೆಂಪು ಬಸ್ಸಿಗಿಂತ ಜೋರು ಓಡುತ್ತಾನೆ, ಆದರೆ ಪ್ರತಿ ಸ್ಟಾಪಿನಲ್ಲಿ ನಿಲ್ಲಲೇಬೇಕು. ನಿಮ್ಮಣ್ಣ ಹಮಾಲಿಯನ್ನು ಆರಿಸಿಕೊಂಡ. ದಿನವಿಡೀ ಮಾರುಕಟ್ಟೆಯ ಗಂಜಿನಲ್ಲಿ ಅವರನ್ನು ನೋಡುತ್ತಿದ್ದನಲ್ಲ. "ಇವ್ರಿಗಿಂತ ದೊಡ್ಡ ಹೀರೋ ಯಾರದಾರಲೇ" ಎನ್ನುತ್ತಿದ್ದ.

ನಮ್ಮಲ್ಲಿ ಒಂದು ಕಟ್ಟುಪಾಡಿತ್ತು. ಬಾರದವನ ವೀರನನ್ನು ಯಾರೂ ಮುಟ್ಟುವಂತಿಲ್ಲ, ಕಥೆ ನಡೆಸುವ ನಾನೂ. ಅವನು ನಿಂತಲ್ಲೇ ನಿಂತಿರುತ್ತಾನೆ. ಹಾಳೆ ಯಾರ ಕೈಯಲ್ಲಿದೆಯೋ ಅವರೇ ಬಂದು ನಡೆಸಬೇಕು.

ಕಡೆಯ ಸಲ ಆಟ ನಿಂತಾಗ ತುಕ್ಕಪ್ಪ ಎಂಬ ಖಳ ಒಂದು ರೈಲು ಸೇತುವೆಯ ಕಂಬಗಳನ್ನು ಮುಟ್ಟಿ ತುಕ್ಕು ಹಿಡಿಸಿದ್ದ. ಮೇಲೆ ರೈಲು ನಿಂತಿದೆ, ಅರವತ್ತೆರಡು ಜನ ಇದ್ದಾರೆ. ಹಮಾಲಿ ನಲವತ್ತೊಂದು ಕೆಳಗೆ ಹೋಗಿ ಸೇತುವೆಗೆ ಹೆಗಲು ಕೊಟ್ಟ. ಈಗಲೂ ಅಲ್ಲೇ ನಿಂತಿದ್ದಾನೆ. ಆಮೇಲೆ ನಾವು ಯಾರೂ ಆಡಲು ಕೂತಿಲ್ಲ.

ಆ ಭಾನುವಾರ ಎಂದಿನಂತೆ ಹೊರಟಿರಬೇಕು. ಹೆಚ್ಚಿನದು ನನಗೆ ಗೊತ್ತಿಲ್ಲ.

ಹಾಳೆ ಈಗ ನಿಮ್ಮದು. ಮನಸ್ಸಿದ್ದರೆ ನೀವೇ ನಡೆಸಬಹುದು, ಪತ್ರದಲ್ಲಿಯೇ. ಬೇಡವಾದರೆ ಹರಿದುಹಾಕಿ, ನಾನು ಏನೂ ಅಂದುಕೊಳ್ಳುವುದಿಲ್ಲ.

ಗಂಗಾಧರ್


ಗುಡೇಕೋಟೆ
೨ ಏಪ್ರಿಲ್ ೨೦೨೫

ಗಂಗಾಧರ್ ಅವರಿಗೆ,

ಮೊದಲು ಸಿಟ್ಟು ಬಂತು. ಸತ್ತವನ ಹೆಸರಿನಲ್ಲಿ ಆಟ ಆಡು ಎನ್ನುತ್ತಾರಲ್ಲ, ಇವರಿಗೆ ತಲೆ ನೆಟ್ಟಗಿದೆಯೇ ಅನಿಸಿತು. ಆದರೆ ನಿಮ್ಮ ಒಂದು ಮಾತು ತಲೆಯಿಂದ ಹೋಗಲಿಲ್ಲ. ಹದಿಮೂರು ತಿಂಗಳಿಂದ ಸೇತುವೆ ಹೊತ್ತುಕೊಂಡು ನಿಂತಿದ್ದಾನೆ, ಮಾತಾಡಲೂ ಬರುವುದಿಲ್ಲ ಎಂದರೆ ಯಾರಿಗೆ ತಾನೇ ಸುಮ್ಮನಿರಲು ಆಗುತ್ತದೆ?

ಇಲ್ಲಿ ಮಧ್ಯಾಹ್ನ ಬಂಡೆ ಕಾದು ಊರೇ ಮಲಗಿರುತ್ತದೆ. ಕಚೇರಿಗೆ ಯಾರೂ ಬರುವುದಿಲ್ಲ. ಟಪಾಲು ಚೀಲದ ಮೇಲೆ ಹಾಳೆ ಹಾಸಿ ಕೂತೆ. ನನ್ನ ನಡೆ ಇಷ್ಟೇ: ಅವನು ಒಮ್ಮೆ ಸರಿಯಾಗಿ ಉಸಿರು ತೆಗೆದುಕೊಳ್ಳಲಿ. ಅದಕ್ಕೂ ದಾಳ ಬೇಕೋ ಏನೋ, ಗೊತ್ತಿಲ್ಲ. ಬಿಟ್ಟೆ. ಹದಿನೇಳು ಬಿತ್ತು.

ನಾನು ಸುಳ್ಳು ಹೇಳುತ್ತಿಲ್ಲ ಎಂದು ನಿಮಗೆ ಹೇಗೆ ಗೊತ್ತಾಗಬೇಕು? ಅದಕ್ಕೆ ಅಂಕಿಯ ಪಕ್ಕದಲ್ಲಿ ಕಚೇರಿಯ ತಾರೀಖಿನ ಮುದ್ರೆ ಒತ್ತಿದ್ದೇನೆ. ಹಾಗೆ ಒತ್ತಬಾರದು. ಯಾರಿಗೂ ಹೇಳಬೇಡಿ.

ಸುಕನ್ಯಾ


ಹಗರಿಬೊಮ್ಮನಹಳ್ಳಿ
೯ ಏಪ್ರಿಲ್ ೨೦೨೫

ತಂಗಿ ಸುಕನ್ಯಾಗೆ,

ಹಾಗೆ ಕರೆಯಬಹುದಲ್ಲವೇ? ಮುದ್ರೆ ನೋಡಿ ತುಂಬ ದಿನದ ಮೇಲೆ ನಕ್ಕೆ.

ಹದಿನೇಳು ಒಳ್ಳೆಯ ಅಂಕಿ. ಹಮಾಲಿ ಉಸಿರು ತೆಗೆದುಕೊಂಡ. ಹೆಗಲ ಮೇಲಿದ್ದ ತುಕ್ಕಿನ ಪುಡಿ ಉದುರಿತು. ಎಡಗಾಲು ಕೆಸರಿನಲ್ಲಿ ಒಂದು ಗೇಣು ಹೂತಿತ್ತು, ಅದನ್ನು ಮೇಲೆ ತೆಗೆದು ಕಲ್ಲಿನ ಮೇಲೆ ಊರಿದ. ರೈಲಿನ ಕಿಟಕಿಯಿಂದ ಒಬ್ಬ ಮುದುಕಿ ಬಗ್ಗಿ ನೋಡಿ "ಯಪ್ಪಾ, ಕೆಳಗ ಯಾರೋ ಅದಾರ" ಎಂದಳು. ಅಲ್ಲಿಯವರೆಗೆ ಅವನು ಇರುವುದೇ ಮೇಲಿನವರಿಗೆ ಗೊತ್ತಿರಲಿಲ್ಲ.

ಬರೆಯುವಾಗ ಒಂದು ವಿಚಿತ್ರವಾಯಿತು. ಹಿಂದಿನ ಕೋಣೆಯಲ್ಲಿ ಒಂದು ಕುರ್ಚಿಯ ಕಾಲು ಸರಿಯಿಲ್ಲ, ಕೂತವರು ಅಲುಗಿದರೆ ಟಕ್ ಎನ್ನುತ್ತದೆ. ನಿಮ್ಮಣ್ಣನೇ ಅದರಲ್ಲಿ ಕೂರುತ್ತಿದ್ದದ್ದು. ಮುದುಕಿಯ ಮಾತು ಬರೆದಾಗ ಅದು ಟಕ್ ಎಂದಿತು. ನಾನು ತಿರುಗಿ ನೋಡಲಿಲ್ಲ. ಇಲಿ ಇರಬೇಕು.

ಮುಂದಿನ ನಡೆ ಬೇಗ ಕಳಿಸು.

ಗಂಗಾಧರ್


ಗುಡೇಕೋಟೆ
೨೮ ಏಪ್ರಿಲ್ ೨೦೨೫

ಗಂಗಾಧರಣ್ಣಾ,

ತಡವಾಯಿತು. ಕೊಟ್ಟೂರಿಗೆ ಹೋಗಿದ್ದೆ. ಈ ಊರಿಗೆ ಬಂದ ಮೇಲೆ ಅದು ಎರಡನೆಯ ಸಲ. ಒಂದು ದಿನಕ್ಕಿಂತ ಹೆಚ್ಚು ನನಗೆ ಆ ಮನೆಯಲ್ಲಿ ಇರಲಾಗುವುದಿಲ್ಲ. ಅವ್ವನ ಎದುರು ಕೂತರೆ ಬಸ್ಸಿನ ಹೊತ್ತು ನೋಡತೊಡಗುತ್ತೇನೆ.

ಬೆಳಿಗ್ಗೆ ಅವ್ವ ನೀರು ಕಾಸಿ, "ಅಂವ ಜಳಕ ಮಾಡ್ಲಿ ಮೊದ್ಲ, ಆಮ್ಯಾಲ ನೀ ಮಾಡು" ಎಂದಳು. ಅವಳಿಗೆ ಹೀಗೆ ಬಾಯಿ ತಪ್ಪುವುದು ಈಗ ರೂಢಿಯಾಗಿದೆ. ಆದರೆ ನಾನು ಏನೆಂದೆ ಗೊತ್ತೇ? "ಅಂವ ಇನ್ನಾ ಭಾರ ಇಳಿಸಿಲ್ಲವ್ವ" ಎಂದುಬಿಟ್ಟೆ. ಅವ್ವ "ಹೌದಾ" ಎಂದು ಹಂಡೆಗೆ ಮುಚ್ಚಳ ಹಾಕಿದಳು. ನನಗೆ ಭಯವಾಯಿತು, ಅಣ್ಣ. ಟಪಾಲು ವಿಂಗಡಿಸುವಾಗ ಅವನ ಅಕ್ಷರ ಹುಡುಕುತ್ತಿರುತ್ತೇನೆ. ಒಂದೊಂದು ಮಧ್ಯಾಹ್ನ ನನ್ನ ಹೆಗಲೇ ನೋಯುತ್ತದೆ.

ಈ ಸಲದ ನಡೆ: ಮೇಲಿನವರು ಒಬ್ಬೊಬ್ಬರಾಗಿ ರೈಲಿನಿಂದ ಇಳಿದು ದಂಡೆಗೆ ಹೋಗುವವರೆಗೆ ಅವನು ಅಲುಗಬಾರದು. ಎರಡು ಸಲ ಬಿಟ್ಟೆ. ಹನ್ನೆರಡು, ಒಂಬತ್ತು. ಮುದ್ರೆ ಇದೆ.

ಮೊದಲ ಪತ್ರದಲ್ಲಿ ಕೇಳಿದ್ದನ್ನೇ ಇನ್ನೊಮ್ಮೆ ಕೇಳುತ್ತೇನೆ. ಆ ದಿನ ಅವನು ಅಲ್ಲಿಗೆ ಬರಲೇಬೇಕಾದ ಕಾರಣ ಏನಿತ್ತು? ನಿಮಗೆ ಗೊತ್ತಿದ್ದರೆ ಹೇಳಿ.

ಸುಕನ್ಯಾ


ಹಗರಿಬೊಮ್ಮನಹಳ್ಳಿ
೫ ಮೇ ೨೦೨೫

ತಂಗಿ,

ನಲವತ್ತು ಜನ ಇಳಿದರು. ಇಪ್ಪತ್ತೆರಡು ಜನ ಉಳಿದಿದ್ದಾರೆ. ಒಂಬತ್ತು ಬಿದ್ದದ್ದಕ್ಕೆ ಒಂದು ಕಂಬ ಸೀಳಿತು, ಆದರೂ ಹಮಾಲಿ ಬಿಟ್ಟುಕೊಡಲಿಲ್ಲ. ಇನ್ನು ಎರಡು ನಡೆಯಾದರೆ ಎಲ್ಲರೂ ದಂಡೆ ಸೇರುತ್ತಾರೆ. ಅವನನ್ನೂ ಹೊರಗೆ ತರಬಹುದು. ತರೋಣ.

ಆ ದಿನದ ಮಾತು ಬೇಡ. ತಿರುವಿನಲ್ಲಿ ಮೆಕ್ಕೆಜೋಳದ ಟ್ರೇಲರ್ ನಿಂತಿತ್ತು, ಅವನು ನೋಡಲಿಲ್ಲ. ಅದರಲ್ಲಿ ಆಟದ್ದೇನೂ ಇಲ್ಲ. ಅವ್ವನ ಹತ್ತಿರ ಎರಡು ದಿನ ಹೆಚ್ಚು ಇದ್ದು ಬಾ. ಒಬ್ಬಳೇ ಕೂತರೆ ಇಂಥ ಯೋಚನೆಗಳೇ ಬರುತ್ತವೆ.

ಗಂಗಾಧರ್


ಗುಡೇಕೋಟೆ
೨೩ ಮೇ ೨೦೨೫

ಗಂಗಾಧರ್ ಅವರಿಗೆ,

ಮೊನ್ನೆ ತರಬೇತಿಗೆಂದು ನಿಮ್ಮೂರಿಗೆ ಬಂದಿದ್ದೆ. ಮುಂದಿನ ನಡೆಯನ್ನು ನಿಮ್ಮೆದುರೇ ಆಡೋಣವೆಂದು ಹಾಳೆ, ದಾಳ ತಂದಿದ್ದೆ. ಅವ್ವನ ಕೈಯ ಶೇಂಗಾ ಹೋಳಿಗೆಯೂ ಇತ್ತು. ಶೆಟರ್ ಹಾಕಿತ್ತು, ಊಟಕ್ಕೆ ಹೋಗಿದ್ದಿರಿ. ಪಕ್ಕದ ಮೆಡಿಕಲ್ ಸ್ಟೋರಿನಲ್ಲಿ ಮಾಲಾ ಇದ್ದರು. ಪರಿಚಯ ಹೇಳಿಕೊಂಡೆ. ಹಮಾಲಿ ನಲವತ್ತೊಂದನ್ನು ಈಗ ನಾನು ನಡೆಸುತ್ತಿದ್ದೇನೆ ಎಂದೆ.

ಅವರ ಮುಖ ಒಂಥರಾ ಆಯಿತು. "ಹಮಾಲಿ ಅವತ್ತೇ ಸತ್ತನಲ್ರಿ" ಎಂದರು. "ಗಂಗಾಧರಣ್ಣಾರೇ ದಾಳ ಬಿಟ್ರು. ಸೇತುವಿ ಬಿತ್ತು. ನಾವೆಲ್ಲಾ ಅಲ್ಲೇ ಇದ್ವಿ."

ಎರಡು ತಿಂಗಳು ನೀವು ನನ್ನ ಕೈಯಿಂದ ಸತ್ತವನನ್ನು ನಡೆಸಿದಿರಿ. ಇನ್ನೇನನ್ನು ಮುಚ್ಚಿಟ್ಟಿದ್ದೀರಿ?

ಸುಕನ್ಯಾ


ಹಗರಿಬೊಮ್ಮನಹಳ್ಳಿ
೨೬ ಮೇ ೨೦೨೫

ಸುಕನ್ಯಾ,

ಮಾಲಾ ಹೇಳಿದ್ದು ನಿಜ.

ಆ ಸೇತುವೆಯ ಕಥೆ ಕಟ್ಟಲು ನನಗೆ ನಾಲ್ಕು ತಿಂಗಳು ಹಿಡಿದಿತ್ತು. ಅರವತ್ತೆರಡು ಜನಕ್ಕೂ ಹೆಸರಿಟ್ಟಿದ್ದೆ. ಹಮಾಲಿ ಸೇತುವೆಗೆ ಹೆಗಲು ಕೊಟ್ಟ ಮೇಲೆ ಕ್ರಾಂತಿ ಎರಡು ಭಾನುವಾರ ಬಂದಿರಲಿಲ್ಲ. ನನ್ನ ಕಥೆ ಅವನಿಗೆ ಹಗುರವಾಯಿತು ಎಂದು ಒಳಗೇ ಕುದಿಯುತ್ತಿದ್ದೆ. ಆ ದಿನ ಮಧ್ಯಾಹ್ನ ಎರಡೂವರೆಗೆ ಅವನಿಗೆ ಸಂದೇಶ ಕಳಿಸಿದೆ: "ನಾಲ್ಕಕ್ಕ ನೀ ಇಲ್ಲಿರದಿದ್ರ ಸೇತುವಿ ಬೀಳ್ತೈತಿ." ನಮ್ಮ ಕಟ್ಟುಪಾಡಿನ ಪ್ರಕಾರ ಹಾಗೆ ಹೆದರಿಸುವಂತೆಯೇ ಇರಲಿಲ್ಲ.

ನಾಲ್ಕಾಯಿತು. ಬರಲಿಲ್ಲ. ಹುಲುಗಪ್ಪ "ಇನ್ನೊಂದೀಟು ತಡೀರಿ" ಎಂದ. ನಾಲ್ಕೂ ಇಪ್ಪತ್ತಕ್ಕೆ ನಾನು ದಾಳ ಬಿಟ್ಟೆ. ಬಾರದವನ ವೀರನ ಮೇಲೆ ನಾನು ದಾಳ ಬಿಟ್ಟದ್ದು ಅದೊಂದೇ ಸಲ. ಮೂರು ಬಿತ್ತು. "ಸೇತುವಿ ಬಿತ್ತು, ಹಮಾಲಿ ಅದರಡಿ ಸತ್ತ" ಎಂದೆ, ಜೋರಾಗಿಯೇ ಅಂದೆ. ಮಾಲಾ ಅಳುವಂತಾದಳು. ಹತ್ತು ನಿಮಿಷಕ್ಕೆ ಕ್ರಾಂತಿ ಹೋದನೆಂದು ಫೋನು ಬಂತು.

ಆ ದಾಳ ಇನ್ನೂ ಹಿಂದಿನ ಕೋಣೆಯ ಮೇಜಿನ ಮೇಲಿದೆ, ಮೂರು ತೋರಿಸುತ್ತ. ಕಸ ಹೊಡೆಯುವಾಗ ಸುತ್ತಲೂ ಒರೆಸುತ್ತೇನೆ, ಅದನ್ನು ಮುಟ್ಟುವುದಿಲ್ಲ. ನಾನು ಓದಿದವನು, ಬಾಯಿಮಾತಿಗೆ ಮನುಷ್ಯ ಸಾಯುವುದಿಲ್ಲ ಎಂದು ಗೊತ್ತು. ಗೊತ್ತಿದ್ದರೂ ನಾನೇ ಕರೆದೆ, ನಾನೇ ಕೊಂದೆ ಎಂಬುದು ತಲೆಯಿಂದ ಹೋಗುವುದಿಲ್ಲ. ನಿನ್ನ ಮೊದಲ ಪತ್ರ ಬಂದಾಗ, ಹಾಳೆ ಇನ್ನೂ ಇದೆ ಎಂದು ತಿಳಿದಾಗ, ಅವನು ಇನ್ನೂ ನಿಂತಿದ್ದಾನೆ ಎಂದು ಬರೆದುಬಿಟ್ಟೆ. ಬರೆದ ಮೇಲೆ ನನಗೂ ಹಾಗೇ ಅನಿಸತೊಡಗಿತು. ಅವನನ್ನು ಆ ಸೇತುವೆಯಡಿಯಿಂದ ಹೊರಗೆ ತರಬೇಕು ಎನ್ನುವುದೊಂದೇ ಆಸೆಯಿತ್ತು.

ಕ್ಷಮಿಸು ಎನ್ನಲು ಬಾಯಿಲ್ಲ.

ಗಂಗಾಧರ್


ಹಗರಿಬೊಮ್ಮನಹಳ್ಳಿ
೨೦ ಜುಲೈ ೨೦೨೫

ಸುಕನ್ಯಾ,

ಎಂಟು ವಾರವಾಯಿತು. ಟಪಾಲಿನವನು ಎದುರು ಕಚೇರಿಗೆ ಬಂದಾಗಲೆಲ್ಲ ಎದ್ದು ನಿಲ್ಲುತ್ತೇನೆ. ನೀನು ಬೈದು ಬರೆದರೂ ಸಾಕು. ಅವ್ವನಿಗೆ ಹೇಳಿದ್ದರೆ, ನಾನೇ ಕೊಟ್ಟೂರಿಗೆ ಬಂದು ಅವರ ಎದುರು ನಿಲ್ಲುತ್ತೇನೆ. ಅವರು ಏನೆಂದರೂ ಸರಿ.

ಗಂಗಾಧರ್


ಗುಡೇಕೋಟೆ
೧೪ ಸೆಪ್ಟೆಂಬರ್ ೨೦೨೫

ಅಣ್ಣಾ,

ನೀವು ನನ್ನ ಮೌನವನ್ನು ಸಿಟ್ಟೆಂದು ತಿಳಿದಿರಿ. ಸಿಟ್ಟಾಗಿದ್ದರೆ ಅಂದೇ ಬರೆದುಬಿಡುತ್ತಿದ್ದೆ. ನಿಮ್ಮ ಮೇ ತಿಂಗಳ ಪತ್ರ ಓದಿದಾಗ ನನಗೆ ಹಾಯೆನಿಸಿತು. ಹೊರಿಸಲು ಒಬ್ಬರು ಸಿಕ್ಕರು ಎಂದು. ನಾಲ್ಕು ತಿಂಗಳು ಆ ಹಾಯಿಯಲ್ಲಿಯೇ ಇರಲು ನೋಡಿದೆ. ಆಗಲಿಲ್ಲ.

ಮೊದಲು ನಿಮ್ಮ ವಿಷಯ. ಪಂಚನಾಮೆಯ ಪ್ರತಿ ನನ್ನ ಹತ್ತಿರ ಇದೆ. ಅದರಲ್ಲಿ ಬರೆದ ಅಪಘಾತದ ಹೊತ್ತು ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷ. ನೀವು ದಾಳ ಬಿಟ್ಟದ್ದು ನಾಲ್ಕೂ ಇಪ್ಪತ್ತಕ್ಕೆ. ಆ ಹೊತ್ತಿಗೆ ಅಣ್ಣ ಇರಲೇ ಇಲ್ಲ. ನಿಮ್ಮ ಮಾತಿಗೆ ಅವನು ಸಾಯಲಿಲ್ಲ. ಆ ದಾಳವನ್ನು ಎತ್ತಿಡಿ.

ಇನ್ನು ನನ್ನದು. ಆ ಭಾನುವಾರ ನಾಲ್ಕು ಗಂಟೆಗೆ ಹರಪನಹಳ್ಳಿಯಿಂದ ನನ್ನನ್ನು ನೋಡಲು ಬರುವವರಿದ್ದರು. ಆ ಸಂಬಂಧ ನನಗೆ ಬೇಡವಾಗಿತ್ತು. ಅವ್ವನಿಗೆ ಹೇಳುವ ಧೈರ್ಯವಿರಲಿಲ್ಲ. ನಮ್ಮದು ಅಪ್ಪನಿಲ್ಲದ ಮನೆ, ಅಣ್ಣ ಕೂರದೆ ಮಾತು ಮುಂದುವರಿಯುವಂತಿರಲಿಲ್ಲ. ಮಧ್ಯಾಹ್ನ ಅವನು ಫೋನು ನೋಡಿ ನಕ್ಕು, "ನೋಡಲ್ಲಿ, ಗಂಗಾಧರ ಸೇತುವಿ ಬೀಳಸ್ತಾನಂತ" ಎಂದ. ಹೊಸ ಅಂಗಿ ಹಾಕಿಕೊಂಡಿದ್ದ. ಸ್ವಲ್ಪ ಹೊತ್ತಾದ ಮೇಲೆ ನಾನು ಮೊಳೆಯ ಮೇಲಿದ್ದ ಗಾಡಿಯ ಕೀಲಿ ತಂದು ಕೈಗಿಟ್ಟೆ. "ಹೋಗಣ್ಣ. ನೀ ಇಲ್ಲಂದ್ರ ಬಂದವ್ರು ಚಾ ಕುಡದು ಹೊಳ್ಳಿ ಹೋಗ್ತಾರ. ನಾ ಅವ್ವಗ ಹೇಳ್ತೀನಿ." ಅವನು ನನ್ನ ಮುಖ ನೋಡಿದ. ಚೀಲ ಹೆಗಲಿಗೆ ಹಾಕಿಕೊಂಡ. ಆಗ ಮೂರು ಗಂಟೆ. ಅವ್ವ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು.

ಅವ್ವನಿಗೆ ಇವತ್ತಿಗೂ ಗೊತ್ತಿಲ್ಲ. ಹೇಳದೆ ಹೊರಟುಹೋದ ಎಂದು ಅವನನ್ನೇ ಬೈಯುತ್ತಾಳೆ. ನಾನು ಕೇಳಿಸಿಕೊಂಡು ಕೂರುತ್ತೇನೆ. ಅದಕ್ಕೇ ನನಗೆ ಆ ಮನೆಯಲ್ಲಿ ಇರಲಾಗದೆ ಇಷ್ಟು ದೂರ ಕೆಲಸ ಹಿಡಿದೆ.

ಅವನ ಫೋನು ಅಪಘಾತದಲ್ಲಿ ಪುಡಿಯಾಯಿತು. ನಿಮ್ಮ ಫೋನಿನಲ್ಲಿ ಅವನ ಉತ್ತರ ಇದ್ದರೆ ನೋಡಿ ಹೇಳಿ. ನಾನು ಕೀಲಿ ಕೊಡದಿದ್ದರೂ ಅವನು ಹೊರಡುತ್ತಿದ್ದನೇ? ಹೌದಾದರೆ ಊರಿಗೆ ಹೋಗುತ್ತೇನೆ, ವರ್ಗಕ್ಕೆ ಅರ್ಜಿ ಹಾಕಿ ಅವ್ವನ ಜೊತೆಯೇ ಇರುತ್ತೇನೆ. ಇಲ್ಲವಾದರೆ ಆ ಹೊಸ್ತಿಲು ಮತ್ತೆ ತುಳಿಯಲಾರೆ. ಇದ್ದದ್ದನ್ನು ಇದ್ದ ಹಾಗೆ ಹೇಳಿ, ಅಣ್ಣ. ನಾನು ಬೇರೆ ಯಾರನ್ನೂ ಕೇಳುವಂತಿಲ್ಲ.

ಸುಕನ್ಯಾ


ಹಗರಿಬೊಮ್ಮನಹಳ್ಳಿ
೨೨ ಸೆಪ್ಟೆಂಬರ್ ೨೦೨೫

ತಂಗಿ ಸುಕನ್ಯಾಗೆ,

ಫೋನು ನೋಡಿದೆ. ನಾನು ಸಂದೇಶ ಕಳಿಸಿದ್ದು ಎರಡೂವರೆಗೆ. ಎರಡು ನಿಮಿಷದಲ್ಲಿ ಅವನ ಉತ್ತರ ಬಂದಿದೆ: "ಬೀಳಸಬ್ಯಾಡಲೇ, ಹೊಂಟೀನಿ." ನೀನು ಕೀಲಿ ಕೊಟ್ಟದ್ದು ಮೂರಕ್ಕೆ. ಅದಕ್ಕೂ ಅರ್ಧ ಗಂಟೆ ಮುಂಚೆಯೇ ಅವನು ಬರಲು ಒಪ್ಪಿದ್ದ. ನೀನು ಕೊಡದಿದ್ದರೆ ಮೊಳೆಯಿಂದ ತಾನೇ ತೆಗೆದುಕೊಳ್ಳುತ್ತಿದ್ದ, ಅಷ್ಟೇ ವ್ಯತ್ಯಾಸ.

ಅವನನ್ನು ಕರೆದದ್ದು ನಾನು. ಅದು ನನ್ನದು, ನಿನ್ನದಲ್ಲ. ಅರ್ಜಿ ಹಾಕು. ಕೊಟ್ಟೂರಿಗೆ ಹೋಗಿ ಅವ್ವನ ಹತ್ತಿರ ಇರು.

ನಿನ್ನ ಅಣ್ಣ,
ಗಂಗಾಧರ್


ಹಗರಿಬೊಮ್ಮನಹಳ್ಳಿ
೨೨ ಸೆಪ್ಟೆಂಬರ್ ೨೦೨೫

ಕ್ರಾಂತಿ,

ಇದನ್ನು ಯಾವ ಅಂಚೆಗೂ ಹಾಕುವುದಿಲ್ಲ. ಬೆಳಿಗ್ಗೆ ನಿನ್ನ ತಂಗಿಗೆ ಒಂದು ಪತ್ರ ಹಾಕಿ ಬಂದೆ. ನಾಲ್ಕು ವರ್ಷ ಆ ಮೇಜಿನಲ್ಲಿ ಒಂದು ದಾಳವನ್ನೂ ಮರೆಮಾಡಿ ಬಿಟ್ಟವನಲ್ಲ ನಾನು, ನಿನಗೆ ಗೊತ್ತು. ಇವತ್ತು ಬಿದ್ದದ್ದು ಒಂದು, ಹೇಳಿದ್ದು ಇನ್ನೊಂದು.

ನಿನ್ನ ಉತ್ತರ ನನ್ನ ಫೋನಿನಲ್ಲಿದೆ. ಎರಡು ನಲವತ್ತಕ್ಕೆ ಬಂದದ್ದು. "ಬರಾಂಗಿಲ್ಲಲೇ. ಸುಕನ್ಯಾನ ನೋಡಾಕ ಬರ್ತಾರ, ನಾ ಮನ್ಯಾಗ ಇರಬೇಕು. ನಾ ಬರೂತನ ಹಮಾಲಿನ ಮುಟ್ಟಬ್ಯಾಡ." ಓದಿ ಸಿಟ್ಟಿಗೆದ್ದೆ; ಉಳಿದಿಬ್ಬರಿಗೆ ತೋರಿಸದೆ, ಹೇಗೂ ಬಂದಾನೆಂದು ನಾಲ್ಕರವರೆಗೆ ಕಾದು ದಾಳ ಬಿಟ್ಟೆ. ಇಷ್ಟು ಸ್ಪಷ್ಟವಾಗಿ ಬರೆದವನು ಆಮೇಲೆ ಯಾಕೆ ಹೊರಟ ಎಂದು ಹತ್ತೊಂಬತ್ತು ತಿಂಗಳು ತಲೆ ಕೆಡಿಸಿಕೊಂಡೆ. ನನ್ನ ಸಿಟ್ಟಿಗೆ ಹೆದರಿ, ಗೆಳೆತನ ಕೆಟ್ಟೀತೆಂದು ಹೊರಟಿರಬೇಕು ಎಂದೇ ತಿಳಿದಿದ್ದೆ. ನೀನು ನನಗಾಗಿ ಹೊರಡಲಿಲ್ಲ. ಅವಳ ಮುಖ ನೋಡಿ ಹೊರಟೆ. ಅವಳಿಗೆ ಆ ಸಂಬಂಧ ಬೇಡವೆಂದು ಹೇಳದೆಯೇ ತಿಳಿದು, ಕೀಲಿ ತೆಗೆದುಕೊಂಡೆ.

ಅವಳ ಪತ್ರ ಓದಿ ಮುಗಿಸಿದಾಗ ಒಂದು ಗಳಿಗೆ ನಾನು ಬಿಡುಗಡೆಯಾದೆ. ಸುಳ್ಳಲ್ಲ, ಮೈಯೇ ಹಗುರಾಯಿತು. ಆಮೇಲೆ ಕೂತು ಅವಳಿಗೆ ಉತ್ತರ ಬರೆದೆ.

ಸಂದೇಶವನ್ನು ಈಗ ಅಳಿಸಿದ್ದೇನೆ. ಇನ್ನು ಅದು ಗೊತ್ತಿರುವುದು ನನಗೆ ಮತ್ತು ನಿನಗೆ. ನಾನು ಹೇಳುವುದಿಲ್ಲ. ನೀನು ಅವಳ ಕನಸಿಗೆ ಬಂದರೆ ಊಟದ ಮಾತಾಡು, ಅವ್ವನ ಮಾತಾಡು. ಕೀಲಿಯ ಮಾತು ಮಾತ್ರ ತೆಗೆಯಬೇಡಲೇ, ನಿನ್ನ ಕಾಲಿಗೆ ಬೀಳುತ್ತೇನೆ.

ಗಂಗಾಧರ